ಅಂಗಳದ ಅಳತೆ ಗೊತ್ತುಮಾಡಿದ್ದು ಯಾರು? ಅಮೆರಿಕದ ಉಪನಗರದ ಸೈಟುಗಳ ಕಥೆ

ಅಮೆರಿಕದ ಉಪನಗರದ ಬೀದಿಯೊಂದರಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮನೆಯಲ್ಲ, ಹುಲ್ಲು. ಮನೆಗಳು ರಸ್ತೆಯಿಂದ ಇಪ್ಪತ್ತು ಮೂವತ್ತು ಅಡಿ ಹಿಂದೆ ಸರಿದು ಕೂತಿರುತ್ತವೆ. ಮುಂದೆ ಬೇಲಿಯಿಲ್ಲದ ಹಸಿರು ಪಟ್ಟಿ. ಒಬ್ಬರದು ಎಲ್ಲಿ ಮುಗಿದು ಪಕ್ಕದವರದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಆ ಜಾಗದಲ್ಲಿ ಕೂತವರನ್ನು ಕಾಣುವುದು ಅಪರೂಪ. ಆದರೂ ಬೇಸಿಗೆಯಲ್ಲಿ ವಾರವಾರ ಹುಲ್ಲು ಕತ್ತರಿಸಬೇಕು, ಬೆಳೆಯಲು ಬಿಟ್ಟರೆ ಎಷ್ಟೋ ಊರುಗಳಲ್ಲಿ ನೋಟಿಸು ಬರುತ್ತದೆ. ಕೊಂಡವರು, ತೆರಿಗೆ ಕಟ್ಟುವವರು, ನೀರು ಹಾಕುವವರು ಮನೆಯವರೇ. ಹೇಗಿರಬೇಕೆಂದು ಹೇಳುವವರು ಮಾತ್ರ ಬೇರೆ.

ದೊಡ್ಡ ದೇಶ, ಬೇಕಾದಷ್ಟು ಜಾಗ, ಹಾಗಾಗಿ ದೊಡ್ಡ ಅಂಗಳ ಎಂಬುದು ಸುಲಭದ ಉತ್ತರ. ಅದು ಅರ್ಧ ಸತ್ಯ ಮಾತ್ರ. ಉಪನಗರದ ಸೈಟು ಒಂದು ಕಾಲದಲ್ಲಿ ಅಗಲವಾಯಿತು, ಇನ್ನೊಂದು ಕಾಲದಲ್ಲಿ ಕಿರಿದಾಯಿತು. ಈ ಏರಿಳಿತದಲ್ಲಿ ಮನೆಯವರ ಆಸೆಯ ಪಾಲು ಕಡಿಮೆ. ಜನ ಯಾವುದರಲ್ಲಿ ಓಡಾಡುತ್ತಿದ್ದರು, ಕೊಳಚೆ ಎಲ್ಲಿಗೆ ಹೋಗುತ್ತಿತ್ತು, ಸಾಲ ಕೊಡುವವರು ಏನು ಕೇಳುತ್ತಿದ್ದರು, ಕಾಯಿದೆ ಯಾರನ್ನು ದೂರ ಇಡಲು ನೋಡುತ್ತಿತ್ತು ಎಂಬುದರ ಪಾಲೇ ಹೆಚ್ಚು.

ಮೊದಲು ಅಳತೆಯ ಲೆಕ್ಕ. ಒಂದು ಎಕರೆ ಎಂದರೆ 43,560 ಚದರ ಅಡಿ. ಅಮೆರಿಕನ್ನರು ಆಗಾಗ ಹೇಳುವ ‘ಕಾಲು ಎಕರೆ’ ಸೈಟು ಸುಮಾರು 10,900 ಚದರ ಅಡಿ. 1785ರ ಭೂ ಸುಗ್ರೀವಾಜ್ಞೆ ಪಶ್ಚಿಮದ ನೆಲವನ್ನೆಲ್ಲ ಆರು ಮೈಲಿ ಚೌಕಗಳಾಗಿ, ಅವನ್ನು ಮತ್ತೆ 640 ಎಕರೆಯ ತುಂಡುಗಳಾಗಿ ಕತ್ತರಿಸಿತು. ಅಳೆದದ್ದು 66 ಅಡಿ ಉದ್ದದ ಸರಪಳಿಯಲ್ಲಿ. ಷಿಕಾಗೋದ ಎಷ್ಟೋ ಬೀದಿಗಳು ಇವತ್ತಿಗೂ 66 ಅಡಿ ಅಗಲ ಇರುವುದು ಇದೇ ಕಾರಣಕ್ಕೆ. ಆ ಬೀದಿಗಳ ನಡುವಿನ ಜಾಗವನ್ನು ಸೈಟು ಮಾಡಿದಾಗ ಷಿಕಾಗೋದಲ್ಲಿ ರೂಢಿಗೆ ಬಂದ ಅಳತೆ 25 ಅಡಿ ಅಗಲ, 125 ಅಡಿ ಉದ್ದ.

ಅಗಲ ಇಷ್ಟು ಕಡಿಮೆ, ಉದ್ದ ಇಷ್ಟು ಜಾಸ್ತಿ ಏಕೆ? ಸೈಟಿನಲ್ಲಿ ದುಬಾರಿಯಾದದ್ದು ರಸ್ತೆಗೆ ತಗಲುವ ಮುಖ. ರಸ್ತೆ, ನೀರಿನ ಕೊಳವೆ, ಚರಂಡಿ, ಕಾಲುದಾರಿ ಇವೆಲ್ಲದರ ಖರ್ಚು ಮುಖದ ಅಡಿ ಅಡಿಗೂ ಬೀಳುತ್ತದೆ. ಒಂದೇ ಕೊಳವೆಗೆ ಹೆಚ್ಚು ಮನೆ ಜೋಡಿಸಬೇಕಾದರೆ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಹಿಂದಿನ ಉದ್ದಕ್ಕೆ ಇಂಥ ಖರ್ಚಿಲ್ಲ, ಹಾಗಾಗಿ ಹಿತ್ತಲು ಅಗ್ಗ.

ಆ ಹಿತ್ತಲು ಆಗ ಖಾಲಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಸಾಧಾರಣ ಮನೆಯ ಹಿಂದೆ ಬಾವಿ, ಕಕ್ಕಸು, ಸೌದೆ ಅಥವಾ ಕಲ್ಲಿದ್ದಲ ರಾಶಿ, ಕೋಳಿಗೂಡು, ತರಕಾರಿ ಮಡಿ, ಬಟ್ಟೆ ಒಣಗಿಸುವ ಹಗ್ಗ, ಅನುಕೂಲವಿದ್ದವರಿಗೆ ಕುದುರೆ ಲಾಯ. ಹಿಂದೆ ಒಂದು ಓಣಿ. ಗಾಡಿ, ಕಸ, ಕಲ್ಲಿದ್ದಲು ಎಲ್ಲವೂ ಆ ಕಡೆಯಿಂದ. ಮನೆಯ ಹಿಂಭಾಗವೇ ಅದರ ಕಾರ್ಖಾನೆ. ಮುಂದಿನ ಜಾಗ ಚಿಕ್ಕದು, ಅದಕ್ಕೆ ಮರದ ಬೇಲಿ. ಬೀದಿಯಲ್ಲಿ ದನ, ಹಂದಿ ಓಡಾಡುತ್ತಿದ್ದ ಕಾಲದಲ್ಲಿ ಬೇಲಿ ಅಲಂಕಾರದ ವಸ್ತುವಲ್ಲ.

ಬೇಲಿ ಕಿತ್ತು ಮುಂದಂಗಳವನ್ನು ಹಿಗ್ಗಿಸುವ ಯೋಚನೆ ಬಂದದ್ದು ಉಳ್ಳವರ ಕಡೆಯಿಂದ. 1850ರ ದಶಕದಲ್ಲಿ ನ್ಯೂಜರ್ಸಿಯ ಲೆವೆಲಿನ್ ಪಾರ್ಕ್, ಆಮೇಲೆ 1869ರಲ್ಲಿ ಷಿಕಾಗೋ ಹೊರವಲಯದ ರಿವರ್‌ಸೈಡ್. ರಿವರ್‌ಸೈಡನ್ನು ಯೋಜಿಸಿದವರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ವಿನ್ಯಾಸ ಮಾಡಿದ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್. ಸುಮಾರು 1,600 ಎಕರೆ, ಬಾಗಿ ಬಾಗಿ ಹೋಗುವ ರಸ್ತೆಗಳು, ಪಟ್ಟಣಕ್ಕೆ ಹೋಗಲು ರೈಲು. ಅಲ್ಲಿನ ನಿಯಮ: ಮನೆ ರಸ್ತೆಯಿಂದ 30 ಅಡಿ ಹಿಂದೆ ಇರಬೇಕು, ನಡುವಿನ ಜಾಗದಲ್ಲಿ ಮಾಲೀಕರು ಮರ ಬೆಳೆಸಬೇಕು. ಎತ್ತರದ ಗೋಡೆ ಓಲ್ಮ್‌ಸ್ಟೆಡ್‌ಗೆ ಆಗಿಬರುತ್ತಿರಲಿಲ್ಲ. ಬೀದಿಯಲ್ಲಿ ನಡೆಯುವವರಿಗೆ ಉದ್ಯಾನದಲ್ಲಿ ನಡೆದಂತೆ ಆಗಬೇಕು ಎಂಬುದು ಅವರ ಲೆಕ್ಕ. ಎಲ್ಲರ ಮುಂದಂಗಳಗಳೂ ಸೇರಿದರೆ ಒಂದು ಉದ್ಯಾನ. ಖರ್ಚು ಮಾತ್ರ ಹಂಚಿಕೆ. ಬುದ್ಧಿವಂತ ಏರ್ಪಾಡು. ಉದ್ಯಾನಕ್ಕಾಗಿ ಮಾಡಿದ 30 ಅಡಿಯಂಥ ಕಟ್ಟಳೆಗಳು ಉದ್ಯಾನವನ್ನು ಬಿಟ್ಟು ಊರೂರಿಗೂ ಹಬ್ಬಿದವು. ತೊಂದರೆ ಶುರುವಾದದ್ದು ಅಲ್ಲಿ.

ಮುಂದೇನೋ ಹುಲ್ಲು ಬೇಕು ಎಂದಾಯಿತು. ಆದರೆ ಕತ್ತರಿಸುವವರು ಯಾರು? ಕುಡುಗೋಲು ಹಿಡಿದ ಆಳುಗಳು ಅಥವಾ ಕುರಿಗಳು ಇರುವಷ್ಟು ದಿನ ನುಣುಪು ಹುಲ್ಲುಹಾಸು ಜಮೀನ್ದಾರರ ಬಾಬತ್ತು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆ ಎದ್ದುನಿಂತ ಎಳೆಗಳನ್ನು ಸಮ ಮಾಡುವ ಗಿರಣಿಯ ಯಂತ್ರವನ್ನು ನೋಡಿ ಅವನಿಗೆ ಇದು ಹೊಳೆದಿತ್ತು. ಆ ಶತಮಾನ ಮುಗಿಯುವಷ್ಟರಲ್ಲಿ ಹಗುರವಾದ, ಅಗ್ಗದ ತಳ್ಳುಯಂತ್ರಗಳು ಅಮೆರಿಕದಲ್ಲಿ ಗುಮಾಸ್ತನ ಕೈಗೂ ಎಟುಕಿದವು. ಹುಲ್ಲಿನ ಮಟ್ಟಿಗೆ ಹೇಳುವುದಾದರೆ, ಹೆಸರಲ್ಲೇ ಕೆಂಟಕಿ ಇರುವ ಬ್ಲೂಗ್ರಾಸ್ ಯುರೋಪಿನಿಂದ ವಲಸೆ ಬಂದವರ ಜೊತೆ ಬಂದದ್ದು. ದಕ್ಷಿಣದ ಬಿಸಿ ರಾಜ್ಯಗಳಲ್ಲಿ ಹಬ್ಬಿರುವ ‘ಬರ್ಮುಡಾ ಹುಲ್ಲು’ ನಮಗೆಲ್ಲ ಗೊತ್ತಿರುವ ಗರಿಕೆಯೇ.

ಸಾಮಾನ್ಯರು ಪಟ್ಟಣದ ಹೊರಗೆ ಹೋಗಿ ನೆಲೆಸಲು ಸಾಧ್ಯವಾದದ್ದು ಟ್ರಾಮಿನಿಂದ. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ರಿಚ್‌ಮಂಡ್ ಪಟ್ಟಣದಲ್ಲಿ ವಿದ್ಯುತ್ ಟ್ರಾಮ್ ಜಾಲವನ್ನು ಯಶಸ್ವಿಯಾಗಿ ಓಡಿಸಿದ ಮೇಲೆ ಹಳಿಗಳು ಎಲ್ಲ ಕಡೆ ಚಾಚಿಕೊಂಡವು. ಟ್ರಾಮ್ ನಂಬಿದವರು ನಿಲ್ದಾಣಕ್ಕೆ ನಡೆದೇ ಹೋಗಬೇಕಲ್ಲ. ಹತ್ತು ನಿಮಿಷದ ನಡಿಗೆಯೊಳಗೆ ಎಷ್ಟು ಮನೆ ಹಿಡಿಸಬಹುದೋ ಅಷ್ಟೇ ವ್ಯಾಪಾರ. ಹಾಗಾಗಿ ಟ್ರಾಮ್ ಕಾಲದ ಸೈಟುಗಳು ಮೂವತ್ತು, ನಲವತ್ತು, ಹೆಚ್ಚೆಂದರೆ ಐವತ್ತು ಅಡಿ ಅಗಲ. ಮುಂದೆ ಜಗಲಿ, ಚಿಕ್ಕ ಹುಲ್ಲು ಪಟ್ಟಿ, ಹಿಂದೆ ಓಣಿ. ಇವತ್ತು ಅಮೆರಿಕದಲ್ಲಿ ಜನ ಮುಗಿಬಿದ್ದು ಕೊಳ್ಳುವ ‘ನಡೆದಾಡಬಹುದಾದ’ ಹಳೆಯ ಬಡಾವಣೆಗಳು ಬಹುಪಾಲು ಇವೇ.

ಕಾರು ಬಂದದ್ದೇ ಆ ಹತ್ತು ನಿಮಿಷದ ಕಟ್ಟು ಬಿಚ್ಚಿತು. ಅದೇ ಹೊತ್ತಿಗೆ ಕಾಯಿದೆಯೂ ಅಂಗಳಕ್ಕೆ ಕಾಲಿಟ್ಟಿತು. ನ್ಯೂಯಾರ್ಕ್ 1916ರಲ್ಲಿ ಇಡೀ ನಗರಕ್ಕೆ ವಲಯ ನಿಯಮ, ಅಂದರೆ ಯಾವ ಭಾಗದಲ್ಲಿ ಏನು ಕಟ್ಟಬಹುದೆಂಬ ಕಟ್ಟಳೆ, ಮಾಡಿತು. ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎಂಬ ಸಣ್ಣ ಊರಿನ ಇಂಥದ್ದೇ ನಿಯಮವನ್ನು 1926ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂಟಿಮನೆಗಳ ನಡುವೆ ಎದ್ದ ಅಪಾರ್ಟ್‌ಮೆಂಟು ಅನೇಕ ಸಲ ಬರಿಯ ಪರಾವಲಂಬಿ ಎಂದು ಆ ತೀರ್ಪಿನಲ್ಲಿ ಬರೆದಿದೆ. ಅಲ್ಲಿಂದ ಮುಂದೆ ಊರೂರೂ ‘ಇಲ್ಲಿ ಒಂದು ಸೈಟಿಗೆ ಒಂದೇ ಮನೆ, ಸೈಟು ಇಷ್ಟು ಚದರ ಅಡಿಗಿಂತ ಕಡಿಮೆ ಇರಕೂಡದು, ಮುಂದೆ ಇಷ್ಟು, ಪಕ್ಕಕ್ಕೆ ಇಷ್ಟು, ಹಿಂದೆ ಇಷ್ಟು ಅಡಿ ಬಿಡಬೇಕು’ ಎಂದು ಬರೆದುಕೊಳ್ಳತೊಡಗಿದವು.

ಈ ಬಿಡಬೇಕಾದ ಅಡಿಗಳು ಏನು ಮಾಡುತ್ತವೆ ಎಂದು ಲೆಕ್ಕ ಹಾಕಿ ನೋಡಬೇಕು. 50 ಅಡಿ ಅಗಲ, 100 ಅಡಿ ಉದ್ದದ ಸೈಟು ಇದೆ ಎನ್ನಿ. ಮುಂದೆ 20, ಹಿಂದೆ 15, ಎರಡು ಪಕ್ಕಕ್ಕೂ ಐದೈದು ಅಡಿ ಬಿಟ್ಟರೆ ಕಟ್ಟಲು ಉಳಿಯುವುದು 40 ಗುಣಿಸು 65, ಅಂದರೆ 2,600 ಚದರ ಅಡಿ. ಅದೇ ಸೈಟನ್ನು ಉದ್ದಕ್ಕೆ ಸೀಳಿ 25 ಅಡಿಯ ಎರಡು ಸೈಟು ಮಾಡಿ ಅದೇ ನಿಯಮ ಹಾಕಿದರೆ ಒಂದೊಂದರಲ್ಲೂ ಉಳಿಯುವುದು 15 ಗುಣಿಸು 65, ಅಂದರೆ 975. ಎರಡೂ ಸೇರಿ 1,950. ನಡುವಿನ ಹತ್ತು ಅಡಿ ಯಾರಿಗೂ ಬೇಡದ ಸಂದಿಯಾಗುತ್ತದೆ. ನಡುಗೋಡೆ ಹಂಚಿಕೊಳ್ಳಲು ಬಿಟ್ಟರೆ ಮತ್ತೆ 2,600 ಸಿಗುತ್ತದೆ. ಆದರೆ ಒಂಟಿಮನೆ ವಲಯದಲ್ಲಿ ಅದಕ್ಕೇ ನಿಷೇಧ. ಸೈಟನ್ನು ಚಿಕ್ಕದು ಮಾಡಬೇಡಿ ಎಂದು ನೇರವಾಗಿ ಹೇಳದಿದ್ದರೂ ಪಕ್ಕದ ಐದು ಅಡಿ ಆ ಮಾತನ್ನು ಹೇಳಿಬಿಡುತ್ತದೆ. ಕೆಲವು ಕಡೆ ಕಂಡುಕೊಂಡ ಉಪಾಯವೊಂದಿದೆ: ಮನೆಯನ್ನು ಒಂದು ಗಡಿಗೆ ತಾಗಿಸಿಯೇ ಕಟ್ಟಿ, ಎರಡು ಪಕ್ಕದ ಐದೈದು ಅಡಿಯ ಬದಲು ಒಂದೇ ಕಡೆ ಹತ್ತು ಅಡಿ ಇಟ್ಟುಕೊಳ್ಳುವುದು. ಹತ್ತು ಅಡಿಯಲ್ಲಿ ಎರಡು ಕುರ್ಚಿ, ಒಂದು ಗಿಡ ಆದರೂ ಹಿಡಿಸುತ್ತದೆ.

ಕಾಯಿದೆಗಿಂತ ಬಲವಾಗಿ ಕೆಲಸ ಮಾಡಿದ್ದು ಸಾಲ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮನೆಸಾಲಗಳಿಗೆ ಸರ್ಕಾರದ ವಿಮೆ ಕೊಡುತ್ತಿತ್ತು. ವಿಮೆ ಬೇಕಾದರೆ ಬಡಾವಣೆ ಅದರ ಮಾದರಿಗೆ ಒಗ್ಗಬೇಕು: ಬಾಗಿದ ರಸ್ತೆ, ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ಗಲ್ಲಿ, ಮನೆ ರಸ್ತೆಯಿಂದ ಹಿಂದೆ. ಕರಿಯರಿಗೆ ಮನೆ ಮಾರಕೂಡದೆಂಬ ಕರಾರನ್ನೂ ಅದು ಪ್ರೋತ್ಸಾಹಿಸಿತು. ಇಂಥ ಕರಾರುಗಳನ್ನು ನ್ಯಾಯಾಲಯ ಜಾರಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಮನೆ ಮಾರಾಟದಲ್ಲಿ ಜನಾಂಗ ಭೇದವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಹಸಿರು ಅಂಗಳದ ಆ ಪ್ರಸಿದ್ಧ ಫೋಟೊಗಳಲ್ಲಿ ಒಂದೇ ಬಣ್ಣದ ಜನ ಇರುವುದು ಕಾಕತಾಳೀಯವಲ್ಲ.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಹಿಂದಿರುಗಿದಾಗ ಈ ಮಾದರಿ ದೊಡ್ಡ ಪ್ರಮಾಣದಲ್ಲಿ ನೆಲಕ್ಕಿಳಿಯಿತು. 1947ರಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನ ಆಲೂಗಡ್ಡೆ ಹೊಲಗಳಲ್ಲಿ ಶುರುವಾದ ಲೆವಿಟ್‌ಟೌನ್ ನಾಲ್ಕೈದು ವರ್ಷದಲ್ಲಿ 17,000ಕ್ಕೂ ಹೆಚ್ಚು ಮನೆಗಳ ಊರಾಯಿತು. ಸೈಟು 60 ಅಡಿಗೆ 100. ಮೊದಲ ಮನೆಗಳು ಸುಮಾರು 750 ಚದರ ಅಡಿ. ಅಂದರೆ ಸೈಟಿನ ಎಂಟನೇ ಒಂದು ಪಾಲು ಮನೆ, ಉಳಿದದ್ದೆಲ್ಲ ಬಯಲು. ಆ ಬಯಲಿನಲ್ಲಿ ಹಣ್ಣಿನ ಗಿಡಗಳನ್ನೂ ಊರು ಕಟ್ಟಿದ ಕಂಪನಿಯೇ ನೆಟ್ಟುಕೊಟ್ಟಿತು. ಜೊತೆಗೆ ಕಟ್ಟುಪಾಡು: ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಬೇಲಿ ಹಾಕಬಾರದು, ರಜಾದಿನಗಳಲ್ಲಿ ಹೊರಗೆ ಬಟ್ಟೆ ಒಣಗಿಸಬಾರದು. ಬಿಳಿಯರಲ್ಲದವರಿಗೆ ಪ್ರವೇಶವಿಲ್ಲ ಎಂಬುದೂ ಮೊದಮೊದಲ ಒಪ್ಪಂದಗಳಲ್ಲಿ ಬರೆದೇ ಇತ್ತು. ಕ್ಯಾಲಿಫೋರ್ನಿಯಾದ ಲೇಕ್‌ವುಡ್‌ನಲ್ಲಿ 1950ರಿಂದ ಎದ್ದ 17,500 ಮನೆಗಳದು ಇನ್ನೂ ಬಿಗಿ, ಸಾಮಾನ್ಯವಾಗಿ 50ಕ್ಕೆ 100. ಅಮೆರಿಕದ ಉಪನಗರ ಎಂದರೆ ವಿಶಾಲ ಎಂದುಕೊಂಡವರು ಈ ಅಂಕಿಗಳನ್ನು ಗಮನಿಸಬೇಕು. ವಿಶಾಲ ಅನ್ನಿಸುತ್ತಿದ್ದದ್ದು ಸೈಟು ದೊಡ್ಡದಿದ್ದುದಕ್ಕಲ್ಲ, ಮನೆ ಚಿಕ್ಕದಿದ್ದುದಕ್ಕೆ.

ಇಷ್ಟರಲ್ಲಿ ಹಿತ್ತಲು ಸದ್ದಿಲ್ಲದೆ ಖಾಲಿಯಾಗಿತ್ತು. ನಲ್ಲಿ ಬಂದು ಬಾವಿ ಹೋಯಿತು, ಒಳಚರಂಡಿ ಬಂದು ಕಕ್ಕಸು ಮನೆಯೊಳಗೆ ಸೇರಿತು. ಗ್ಯಾಸು, ವಿದ್ಯುತ್ತು ಸೌದೆ ರಾಶಿಯನ್ನು ತೆಗೆದವು. ಕೋಳಿ, ತರಕಾರಿಯನ್ನು ಫ್ರಿಜ್ಜು ಮತ್ತು ಸೂಪರ್‌ಮಾರ್ಕೆಟ್ಟು ಸೇರಿ ಅನಗತ್ಯ ಮಾಡಿದವು. ತರಕಾರಿ ಒಮ್ಮೆ ಮರಳಿ ಬಂದದ್ದುಂಟು: ಎರಡನೇ ಮಹಾಯುದ್ಧದಲ್ಲಿ ಸರ್ಕಾರವೇ ಹುರಿದುಂಬಿಸಿ, ಅಂದಾಜು 2 ಕೋಟಿ ‘ವಿಜಯದ ತೋಟ’ಗಳು ಎದ್ದಿದ್ದವು. ಯುದ್ಧ ಮುಗಿದ ಕೂಡಲೇ ಬಹುಪಾಲು ಮತ್ತೆ ಹುಲ್ಲಾದವು. ಕೊನೆಗೆ ವಿದ್ಯುತ್ ಡ್ರೈಯರ್ ಬಂದು ಬಟ್ಟೆಯ ಹಗ್ಗವೂ ಹೋಯಿತು.

ಖಾಲಿಯಾದ ಹಿತ್ತಲಿಗೆ ವಿರಾಮ ಬಂತು. ಕ್ಯಾಲಿಫೋರ್ನಿಯಾದ ತೋಟ ವಿನ್ಯಾಸಕ ಥಾಮಸ್ ಚರ್ಚ್ ಮತ್ತು ಅವರ ಜೊತೆಗಾರರು ಹೊರಾಂಗಣವನ್ನೂ ಮನೆಯ ಒಂದು ಕೋಣೆಯಂತೆ ಕಾಣಲು ಕಲಿಸಿದರು. ಜಾರುವ ಗಾಜಿನ ಬಾಗಿಲು, ಕಲ್ಲು ಹಾಸಿದ ಕಟ್ಟೆ, ಈಜುಕೊಳ. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ ಸಮುದ್ರದ ತೇಲುಗುರುತಿನ ಲೋಹದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಮುಚ್ಚಳವಿರುವ ಬಾರ್ಬೆಕ್ಯೂ ಒಲೆ ಮಾಡಿದ. ಅದೇ ವೆಬರ್ ಒಲೆ. ಜನ ಮುಂದಿನ ಜಗಲಿ ಬಿಟ್ಟು ಹಿಂದೆ ಹೋದರು. ಏರ್‌ಕಂಡಿಷನರ್, ಟಿವಿ ಬಂದ ಮೇಲಂತೂ ಜಗಲಿಗೆ ಕೆಲಸವೇ ಉಳಿಯಲಿಲ್ಲ. ಹೊಸ ಬಡಾವಣೆಗಳಲ್ಲಿ ಹಿಂದಿನ ಓಣಿಯನ್ನೂ ಕೈಬಿಟ್ಟಿದ್ದರಿಂದ ಕಾರು ಮುಂದಿನಿಂದಲೇ ಬರಬೇಕಾಯಿತು. ಲಾಯವಿದ್ದ ಜಾಗದಲ್ಲಿದ್ದ ಗ್ಯಾರೇಜು ಮನೆಗೆ ಅಂಟಿಕೊಂಡಿತು, ಆಮೇಲೆ ಮನೆಯನ್ನೇ ದಾಟಿ ಮುಂದೆ ಚಾಚಿತು, ಓಲ್ಮ್‌ಸ್ಟೆಡ್ ಮರ ನೆಡಿಸಿದಂಥ ಜಾಗಕ್ಕೆ ಕಾಂಕ್ರೀಟ್ ಬಿತ್ತು. ಬಾಗಿಲಿಗಿಂತ ಗ್ಯಾರೇಜೇ ಎದ್ದು ಕಾಣುವ ಇಂಥ ‘ಮೂತಿ ಮನೆ’ಗಳಿಗೆ ಪೋರ್ಟ್‌ಲ್ಯಾಂಡ್ ನಗರ 1999ರಲ್ಲಿ ಕಡಿವಾಣ ಹಾಕಿತು.

ಮುಂದಂಗಳದ ಹುಲ್ಲು ಮಾತ್ರ ಇದೇ ಕಾಲದಲ್ಲಿ ಇನ್ನಷ್ಟು ಕಟ್ಟುನಿಟ್ಟಾಯಿತು. ಯುದ್ಧಕ್ಕೆ ಮುಂಚೆ ಹುಲ್ಲಿನ ಬೀಜದ ಜೊತೆ ಕ್ಲೋವರ್ ಎಂಬ ಮೂರೆಲೆಯ ಪುಟ್ಟ ಗಿಡದ ಬೀಜ ಬೆರೆಸುವುದು ರೂಢಿ. ಆ ಗಿಡ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಗೊಬ್ಬರ ಕಡಿಮೆ ಸಾಕು. ಯುದ್ಧದ ನಂತರ ಮಾರುಕಟ್ಟೆಗೆ ಬಂದ 2,4-ಡಿ ಎಂಬ ಕಳೆನಾಶಕ ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತಿತ್ತು, ಹುಲ್ಲನ್ನು ಬಿಡುತ್ತಿತ್ತು. ಕ್ಲೋವರನ್ನು ಉಳಿಸಿಕೊಂಡು ಮಿಕ್ಕ ಕಳೆಯನ್ನು ಕೊಲ್ಲಲು ಅದಕ್ಕೆ ಬರುತ್ತಿರಲಿಲ್ಲ. ಪರಿಣಾಮ, ಕ್ಲೋವರೇ ಕಳೆ ಎಂದಾಯಿತು! ಅದು ಕೊಡುತ್ತಿದ್ದ ಸಾರಜನಕವನ್ನು ಚೀಲದಲ್ಲಿ ಕೊಳ್ಳಬೇಕಾಯಿತು. 2005ರಲ್ಲಿ ಸಂಶೋಧಕಿ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳ ನೆರವಿನಿಂದ ಅಂದಾಜು ಮಾಡಿದಂತೆ, ಮನೆ, ಕಚೇರಿ, ಗಾಲ್ಫ್ ಮೈದಾನ ಎಲ್ಲ ಸೇರಿ ಅಮೆರಿಕದ ಹುಲ್ಲುಹಾಸು ಸುಮಾರು 1,63,000 ಚದರ ಕಿಲೋಮೀಟರ್. ನೀರಾವರಿ ಮೆಕ್ಕೆಜೋಳಕ್ಕಿಂತ ಮೂರು ಪಟ್ಟು ಹೆಚ್ಚು ನೆಲ. ತಿನ್ನಲು ಬಾರದ ಬೆಳೆ.

ಅತಿ ದೊಡ್ಡ ಸೈಟುಗಳ ಕಥೆ ಬೇರೆ. ಒಳಚರಂಡಿ ತಲುಪದ ಕಡೆ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕು, ಅದರ ನೀರು ಇಂಗಲು ನೆಲ, ಅದರಿಂದ ದೂರದಲ್ಲಿ ಕುಡಿಯುವ ನೀರಿನ ಬಾವಿ ಬೇಕು. ಅಂಥಲ್ಲಿ ಅರ್ಧ ಎಕರೆ, ಒಂದು ಎಕರೆ ಕೇಳುವುದರಲ್ಲಿ ಅರ್ಥವಿದೆ. ಆದರೆ ಚರಂಡಿ ಇರುವ ಊರುಗಳೂ, ಅದರಲ್ಲೂ ಈಶಾನ್ಯದ ಶ್ರೀಮಂತ ಊರುಗಳು, ಒಂದು ಎರಡು ಎಕರೆಗಿಂತ ಕಡಿಮೆ ಸೈಟು ಕೂಡದು ಎಂದವು. ಬಡವರು ಬರಬಾರದು ಎಂದು ಕಾಯಿದೆಯಲ್ಲಿ ಬರೆಯುವಂತಿಲ್ಲ. ಎರಡು ಎಕರೆ ಎಂದು ಬರೆಯಬಹುದು. ನ್ಯೂಜರ್ಸಿಯ ಸುಪ್ರೀಂ ಕೋರ್ಟ್ 1975ರಲ್ಲಿ ಮೌಂಟ್ ಲಾರೆಲ್ ಪ್ರಕರಣದಲ್ಲಿ ಇದನ್ನು ಹಿಡಿದು, ಕಡಿಮೆ ಆದಾಯದವರ ಮನೆಗೂ ಬೆಳೆಯುತ್ತಿರುವ ಪ್ರತಿ ಊರು ತನ್ನ ಪಾಲಿನ ಅವಕಾಶ ಕೊಡಲೇಬೇಕು ಎಂದಿತು. ಬೇರೆ ರಾಜ್ಯಗಳಲ್ಲಿ ಇಷ್ಟು ಖಡಕ್ ತೀರ್ಪು ಅಪರೂಪ.

ಆಮೇಲಿನ ಐವತ್ತು ವರ್ಷದಲ್ಲಿ ಅಂಗಳವನ್ನು ನುಂಗಿದ್ದು ಮನೆ. ಹೊಸ ಒಂಟಿಮನೆಯ ಮಧ್ಯಮ ವಿಸ್ತೀರ್ಣ (ಅರ್ಧ ಮನೆಗಳು ಇದಕ್ಕಿಂತ ದೊಡ್ಡವು, ಅರ್ಧ ಚಿಕ್ಕವು) 1973ರಲ್ಲಿ ಸುಮಾರು 1,500 ಚದರ ಅಡಿ ಇದ್ದದ್ದು 2015ರ ಹೊತ್ತಿಗೆ 2,400 ದಾಟಿತ್ತು. ಅದೇ ವೇಳೆಗೆ ನೆಲದ ಬೆಲೆ ಏರಿ, ಮಾರಾಟವಾದ ಹೊಸ ಮನೆಗಳ ಮಧ್ಯಮ ಸೈಟು 9,000 ಚದರ ಅಡಿಗಿಂತ ಕೆಳಗೆ ಬಂತು. ಸರಾಸರಿ ಕುಟುಂಬ 1950ರಲ್ಲಿ ಮೂರು ಜನಕ್ಕಿಂತ ಹೆಚ್ಚು, 2020ರಲ್ಲಿ ಎರಡೂವರೆ. ಜನ ಕಡಿಮೆ, ಮನೆ ದೊಡ್ಡದು, ಸೈಟು ಚಿಕ್ಕದು. ಮುಂದಿನ ಅಡಿಗಳನ್ನು ಕಾಯಿದೆ ಕಾಯುತ್ತಿರುವುದರಿಂದ ಕರಗಿದ್ದು ಹಿತ್ತಲು. ಬಳಸುವ ಜಾಗ ಹೋಗಿ, ಬಳಸದ ಜಾಗ ಉಳಿಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಇದೇ.

ಬಳಸದ ಆ ಜಾಗದ ಮೇಲೆ ಈಗ ಕದನ. ಮನೆ ಮಾಲೀಕರ ಸಂಘಗಳು 1970ರಲ್ಲಿ ಸುಮಾರು 10,000 ಇದ್ದವು, ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು. ಹುಲ್ಲಿನ ಎತ್ತರದಿಂದ ಬೇಲಿಯ ಬಣ್ಣದವರೆಗೆ ಅವುಗಳದೇ ಅಪ್ಪಣೆ. ಫ್ಲಾರಿಡಾದ ಮಯಾಮಿ ಶೋರ್ಸ್ ಎಂಬಲ್ಲಿ ಮುಂದಂಗಳದ ತರಕಾರಿಯನ್ನು ಸ್ಥಳೀಯ ಆಡಳಿತ ನಿಷೇಧಿಸಿದ್ದು ಮೊಕದ್ದಮೆಯಾಗಿ, ಕೊನೆಗೆ ರಾಜ್ಯವೇ 2019ರಲ್ಲಿ ಅಂಥ ನಿಷೇಧಗಳನ್ನು ತಡೆಯುವ ಕಾನೂನು ತಂದಿತು. ಹುಲ್ಲಿನ ಬದಲು ಸ್ಥಳೀಯ ಗಿಡ ಬೆಳೆಸುವವರನ್ನು ಸಂಘಗಳು ತಡೆಯಬಾರದೆಂದು ಮೇರಿಲ್ಯಾಂಡ್ 2021ರಲ್ಲಿ ಕಾನೂನು ಮಾಡಿತು. ಲಾಸ್ ವೇಗಸ್ ಮರುಭೂಮಿಯ ಊರು; ಅಲ್ಲಿ ವಾದಕ್ಕೆ ಸಮಯವಿರಲಿಲ್ಲ. ಹುಲ್ಲು ಕಿತ್ತವರಿಗೆ ಚದರ ಅಡಿಗಿಷ್ಟು ಎಂದು ಹಣ ಕೊಡತೊಡಗಿದ ಜಲಮಂಡಳಿ, 2003ರಿಂದ ಹೊಸ ಮನೆಗಳ ಮುಂದೆ ಹುಲ್ಲು ಹಾಸುವುದೇ ಬೇಡ ಎಂದಿತು. ಬರದ ಹೊಡೆತಕ್ಕೆ ಕ್ಯಾಲಿಫೋರ್ನಿಯಾವೂ 2015ರಲ್ಲಿ 5 ಕೋಟಿ ಚದರ ಅಡಿ ಹುಲ್ಲನ್ನು ತೆಗೆಸುವ ಗುರಿ ಇಟ್ಟುಕೊಂಡಿತು.

ಸೈಟನ್ನು ಮತ್ತೆ ಸೀಳುವ ಕೆಲಸವೂ ಶುರುವಾಗಿದೆ. ಮನೆ ಸಿಗದೆ ಬಾಡಿಗೆ ಏರಿದ ಕ್ಯಾಲಿಫೋರ್ನಿಯಾ, ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಕಟ್ಟುವುದನ್ನು ಊರುಗಳು ತಡೆಯದಂತೆ 2016ರಿಂದ ಒಂದಾದ ಮೇಲೊಂದು ಕಾನೂನು ತಂದಿತು. 2022ರ ಜನವರಿಯಿಂದ ಒಂಟಿಮನೆ ಸೈಟನ್ನು ಎರಡು ಮಾಡಲೂ ಅವಕಾಶವಿದೆ. ಒಂದೊಂದು ಭಾಗ 1,200 ಚದರ ಅಡಿಗಿಂತ ಕಡಿಮೆ ಇರಬಾರದು. ಟೆಕ್ಸಾಸಿನ ಆಸ್ಟಿನ್ 2024ರಲ್ಲಿ ಕನಿಷ್ಠ ಸೈಟನ್ನು 5,750ರಿಂದ 1,800 ಚದರ ಅಡಿಗೆ ಇಳಿಸಿತು.

ಇವರೆಲ್ಲರಿಗಿಂತ ಮೊದಲು ಇದನ್ನು ಮಾಡಿ ನೋಡಿದ್ದು ಹ್ಯೂಸ್ಟನ್. ಆ ಊರಿಗೆ ವಲಯ ನಿಯಮವೇ ಇಲ್ಲ, ಆದರೆ ಕನಿಷ್ಠ ಸೈಟಿನ ನಿಯಮ ಇತ್ತು. 1998ರಲ್ಲಿ ಒಳವರ್ತುಲ ರಸ್ತೆಯೊಳಗೆ ಅದನ್ನು 5,000ದಿಂದ 1,400 ಚದರ ಅಡಿಗೆ ಇಳಿಸಿದರು, 2013ರಲ್ಲಿ ಉಳಿದ ನಗರಕ್ಕೂ ವಿಸ್ತರಿಸಿದರು. ಹಳೆಯ ಒಂದು ಮನೆ ಬಿದ್ದಲ್ಲಿ ಮೂರಂತಸ್ತಿನ ಮೂರು ಮನೆ ಎದ್ದವು. ನೆಲಮಟ್ಟದಲ್ಲಿ ಗ್ಯಾರೇಜು, ಅಂಗಳದ ಬದಲು ತಾರಸಿ. ಇದು ಜಾರಿಯಾಗಲು ಊರಿನವರು ಒಪ್ಪಿದ್ದರ ಹಿಂದೆ ಒಂದು ಹೊಂದಾಣಿಕೆ ಇದೆ: ಯಾವುದೇ ಬೀದಿಯವರು ಸಾಕಷ್ಟು ಸಹಿ ಕೂಡಿಸಿ ಅರ್ಜಿ ಕೊಟ್ಟರೆ ತಮ್ಮ ಬೀದಿಗೆ ಮಾತ್ರ ಹಳೆಯ ದೊಡ್ಡ ಅಳತೆಯನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಅಲ್ಲಿ ಅಂಗಳದ ಅಳತೆ ಈಗ ಬೀದಿಯಿಂದ ಬೀದಿಗೆ ಬೇರೆ.